ಹಳೆಯ ಗಣಕ ನಿಧಾನವೇ, ಅದರ ಗಡಿಯಾರ ತಪ್ಪೇ?

‘ತಂತ್ರಾಂಶ ಕಂಪೈಲ್ ಆಗುವಷ್ಟರಲ್ಲಿ ಪಿರಿಯಡ್ಡೇ ಮುಗಿದುಹೋಗುತ್ತದೆ, ಹೊಸ ಯಂತ್ರ ಕೊಡಿಸಿ.’ ಚಿಕ್ಕಬಳ್ಳಾಪುರವಾಗಲಿ, ಚಿಂತಾಮಣಿಯಾಗಲಿ, ಹಳೆಯ ಗಣಕಗಳಿರುವ ಪ್ರಯೋಗಾಲಯದಲ್ಲಿ ಈ ದೂರು ಸಹಜ. ಯಂತ್ರವನ್ನು ಗುಜರಿಗೆ ಹಾಕುವ ಮೊದಲು, ನಾವು ಬಳಸುವ ಸಾಧನವನ್ನೂ ಅದನ್ನು ಕಲಿಸುವ ರೀತಿಯನ್ನೂ ವಿಮರ್ಶಿಸಬೇಕು.

ಅನೇಕ ಕಡತಗಳಿರುವ ತಂತ್ರಾಂಶವನ್ನು ಕಟ್ಟಲು ಬಳಸುವ ‘ಮೇಕ್’ ಸಾಧನವನ್ನು ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಚಿಸಿದರು. ಅದರ ತತ್ತ್ವ ಶಿಡ್ಲಘಟ್ಟದ ರೇಷ್ಮೆ ರೀಲರಿಗೆ ಹೊಸದೇನಲ್ಲ: ನೂಲು ತೆಗೆದಾದ ಗೂಡನ್ನು ಯಾರೂ ಮತ್ತೆ ಬೇಯಿಸುವುದಿಲ್ಲ. ಮೂಲ ಕಡತದ ದಿನಾಂಕ ಮತ್ತು ಸಮಯವು ಕಂಪೈಲ್ ಆದ ಕಡತದ ಸಮಯಕ್ಕಿಂತ ಈಚಿನದಾಗಿದ್ದರೆ ಮಾತ್ರ ಮೇಕ್ ಅದನ್ನು ಮತ್ತೆ ಕಂಪೈಲ್ ಮಾಡಿಸುತ್ತದೆ. 200 ಕಡತಗಳಲ್ಲಿ ಒಂದನ್ನಷ್ಟೇ ತಿದ್ದಿದ್ದರೆ, ಉಳಿದವು ಅದನ್ನು ಅವಲಂಬಿಸಿರದಿದ್ದಲ್ಲಿ, ಕೆಲಸ ಒಂದು ಕಡತದ್ದು ಮಾತ್ರ. ಇಷ್ಟು ಸರಳವಾದ ನಿಯಮದಿಂದ ಇಷ್ಟು ಉಳಿತಾಯ ಮಾಡುವ ಸಾಧನಗಳು ವಿರಳ.

ಅದರ ದೌರ್ಬಲ್ಯವೂ ಅಲ್ಲೇ ಇದೆ. ಮೇಕ್ ಕಡತದ ಒಳಗೆ ನೋಡುವುದಿಲ್ಲ, ಗಡಿಯಾರವನ್ನು ನಂಬುತ್ತದೆ. ಗಣಕ ಆರಿದ್ದಾಗ ಆ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡಿನ ಮೇಲಿರುವ, ನಾಣ್ಯದಾಕಾರದ 3 ವೋಲ್ಟ್ ಲಿಥಿಯಂ ಕೋಶ. ಹಳೆಯ ಯಂತ್ರಗಳಲ್ಲಿ ಅದು ಸತ್ತಿರುತ್ತದೆ. ಕರೆಂಟು ಹೋಗಿ ಬಂದ ಮೇಲೆ, ಅಂತರಜಾಲ ಸಂಪರ್ಕವಿಲ್ಲದ ಗಣಕ ಎಷ್ಟೋ ವರ್ಷ ಹಿಂದಿನ ದಿನಾಂಕ ತೋರಿಸಬಹುದು. ಆಗ ಇಂದು ತಿದ್ದಿದ ಕಡತವು ನಿನ್ನೆ ಕಂಪೈಲ್ ಆದದ್ದಕ್ಕಿಂತ ಹಳೆಯದೆನಿಸುತ್ತದೆ. ಮೇಕ್ ಅದನ್ನು ಮುಟ್ಟುವುದೇ ಇಲ್ಲ. ಗಡಿಯಾರದ ಬಗ್ಗೆ ಬರುವ ಎಚ್ಚರಿಕೆಯ ಸಾಲನ್ನು ಯಾರೂ ಓದುವುದಿಲ್ಲ. ತಪ್ಪು ಸರಿಪಡಿಸಿದರೂ ಉತ್ತರ ಬದಲಾಗದಿದ್ದಾಗ ವಿದ್ಯಾರ್ಥಿ ತನ್ನ ಸಮೀಕರಣವನ್ನೇ ಶಂಕಿಸುತ್ತಾನೆ. ಕೊನೆಗೆ ಯಾರೋ ಹೇಳಿಕೊಡುತ್ತಾರೆ: ‘ಪ್ರತಿ ಸಲ ಮೇಕ್ ಕ್ಲೀನ್ ಕೊಡು.’ ಅಂದಿನಿಂದ ಇನ್ನೂರು ಕಡತಗಳೂ ಪ್ರತಿ ಬಾರಿ ಹೊಸದಾಗಿ ಕಂಪೈಲ್ ಆಗುತ್ತವೆ. ನಿಧಾನಕ್ಕೆ ಕಾರಣ ಆಗ ಸಂಸ್ಕಾರಕವಲ್ಲ, ಸತ್ತ ಕೋಶ.

ಗಡಿಯಾರದ ಮಹತ್ತ್ವಕ್ಕೆ ಇದೇ ಸೀಮೆಯ ಉದಾಹರಣೆಯಿದೆ. ಗೌರಿಬಿದನೂರಿನ ವೀಕ್ಷಣಾಲಯದಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ತಯಾರಿಸಿದ ‘ಟಿ’ ಆಕಾರದ ರೇಡಿಯೋ ದೂರದರ್ಶಕದ ಸಾವಿರ ದ್ವಿಧ್ರುವಗಳು ನೆಲದಲ್ಲಿ ಸ್ಥಿರ. ಭೂಮಿ ತಿರುಗಿ ಆಕಾಶವನ್ನು ಅದರ ಮುಂದೆ ಸಾಗಿಸಬೇಕು. ಭೂಮಿ 4 ನಿಮಿಷಕ್ಕೆ 1 ಡಿಗ್ರಿ ತಿರುಗುವುದರಿಂದ, ಗಡಿಯಾರ 4 ನಿಮಿಷ ತಪ್ಪಿದರೆ ಆಕರದ ಸ್ಥಾನ 1 ಡಿಗ್ರಿ ತಪ್ಪುತ್ತದೆ.

ಹಾಗಾದರೆ ನೀವೇನು ಮಾಡಬಹುದು? ಮೊದಲು ದಿನಾಂಕ ನೋಡಿ, ಕೋಶ ಬದಲಾಯಿಸಿ, ಒಂದು ಸಲ ಮಾತ್ರ ಎಲ್ಲವನ್ನೂ ಹೊಸದಾಗಿ ಕಟ್ಟಿ. ನಂತರ ಅಳೆಯಿರಿ. ಲಿನಕ್ಸಿನ ‘ಟೈಮ್’ ಆದೇಶ ಮೂರು ಕಾಲಗಳನ್ನು ಕೊಡುತ್ತದೆ. ಒಂದೊಂದೇ ಕಡತವನ್ನು ಕಂಪೈಲ್ ಮಾಡಿಸುವಾಗ ‘ರಿಯಲ್’ ಕಾಲವು ‘ಯೂಸರ್’ ಮತ್ತು ‘ಸಿಸ್’ಗಳ ಮೊತ್ತಕ್ಕಿಂತ ಬಹಳ ಹೆಚ್ಚಾಗಿದ್ದರೆ ಸಂಸ್ಕಾರಕ ಸುಮ್ಮನೆ ಕಾಯುತ್ತಿದೆ, ಹೆಚ್ಚಾಗಿ ಡಿಸ್ಕಿಗಾಗಿ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಅರ್ಧ ಸುತ್ತಿಗೇ ಸುಮಾರು 4 ಮಿಲಿಸೆಕೆಂಡು ಬೇಕು. ಇಂಥಲ್ಲಿ ಸ್ಮೃತಿ ಹೆಚ್ಚಿಸಿದರೆ ಲಾಭ. ಸ್ಮೃತಿ ಕಡಿಮೆಯಿದ್ದು, ಒಟ್ಟಿಗೆ ನಾಲ್ಕು ಕಂಪೈಲ್ ನಡೆಸಿದರೆ ವೇಗ ಹೆಚ್ಚುವ ಬದಲು ಕುಸಿಯಬಹುದು.

ಆಂಡ್ರ್ಯೂ ಟ್ರಿಜೆಲ್ 2002ರಲ್ಲಿ ರೂಪಿಸಿದ ‘ಸಿಸಿಕ್ಯಾಶ್’ ಮೂಲ ಕಡತದ ದಿನಾಂಕವನ್ನಲ್ಲ, ಅದರ ಒಳಗಿರುವುದನ್ನೇ ಹೋಲಿಸಿ ಹಳೆಯ ಫಲಿತಾಂಶವನ್ನು ಮರಳಿ ಕೊಡುತ್ತದೆ. ‘ಮೇಕ್ ಕ್ಲೀನ್’ ಕೊಟ್ಟ ಮೇಲೂ ಸಮಯ ಉಳಿಯುತ್ತದೆ. ಆದರೆ ಮೊದಲ ಸಲ ಅದರಿಂದ ಲಾಭವಿಲ್ಲ. ಕಡತಗಳನ್ನೆಲ್ಲ ಜೋಡಿಸುವ ಕೊನೆಯ ಹಂತಕ್ಕೂ ಅದು ನೆರವಾಗದು. ಆ ಹಂತವೇ ಒಟ್ಟು ಕಾಲದ ಕಾಲುಭಾಗವಾಗಿದ್ದರೆ, ಉಳಿದುದನ್ನು ಎಷ್ಟೇ ಚುರುಕುಗೊಳಿಸಿದರೂ ವೇಗ ನಾಲ್ಕು ಪಟ್ಟು ಮೀರದು.

ಇಷ್ಟೆಲ್ಲ ಮಾಡಿದರೂ ಸಾಲದ ಯಂತ್ರಗಳಿವೆ, ಅವನ್ನು ಬದಲಿಸಲೇಬೇಕು. ನನ್ನ ಆಕ್ಷೇಪ, ‘ಮೇಕ್ ಕ್ಲೀನ್’ ಅನ್ನು ಕಾರಣ ಹುಡುಕದೆ ಮದ್ದಿನಂತೆ ಕೊಡುವ ಬೋಧನೆಯ ಮೇಲೆ. ಲೋಲಕದ ಪ್ರಯೋಗದಲ್ಲಿ ಸ್ಟಾಪ್‌ವಾಚ್ ಸರಿಯಿದೆಯೇ ಎಂದು ಮೊದಲು ನೋಡಲು ಹೇಳುವ ನಾವು, ಗಣಕದ ಮುಂದೆ ಕೂತಾಗ ಅದನ್ನೇಕೆ ಹೇಳುವುದಿಲ್ಲ?