ಕಿಪ್‌ನ ಸಿಟ್ಟನ್ನು ಕತ್ತರಿಸಿದವರು

‘ಕಾಸಾಬ್ಲಾಂಕಾ’ದ ಪಿಯಾನೊ ಬಗ್ಗೆ ಬರೆಯುವೆನೆಂದು ಕಳೆದ ವಾರ ಮಾತು ಕೊಟ್ಟಿದ್ದೆ. ಅದಕ್ಕಾಗಿಯೇ ಚಿತ್ರವನ್ನು ಮತ್ತೆ ಹಾಕಿಕೊಂಡು ಕೂತೆ. ಅದರಲ್ಲಿ ಪಿಯಾನೊ ನುಡಿಸುವ ಸ್ಯಾಮ್ ಆಗಿ ನಟಿಸಿದ ಡೂಲಿ ವಿಲ್ಸನ್ ಡ್ರಮ್ ವಾದಕರು, ಪಿಯಾನೊ ಬಾರದು. ಕೇಳಿಸುವ ನಾದ ಬೇರೆಯವರದು. 1942ರ ಹಾಲಿವುಡ್‌ನಲ್ಲಿ ಕರಿಯ ನಟನೊಬ್ಬನಿಗೆ ಅಷ್ಟು ಘನತೆಯ ಪಾತ್ರ ಸಿಕ್ಕಿದ್ದು ಸಣ್ಣದಲ್ಲ. ಆದರೂ ಐವತ್ತು ದಾಟಿದ ಆ ಮನುಷ್ಯ ನಾಯಕಿ ಇಲ್ಸಾಳ ಬಾಯಲ್ಲಿ ‘ಹುಡುಗ’. ಕಥೆ ನಡೆಯುವುದು ಮೊರಾಕ್ಕೊದಲ್ಲಿ. ಪ್ರೇಮ, ತ್ಯಾಗವೆಲ್ಲ ಹೊರಗಿನಿಂದ ಬಂದವರ ಪಾಲು. ಊರಿನವರು ಬಾಗಿಲು ಕಾಯುತ್ತಾರೆ, ಸಂತೆಯಲ್ಲಿ ಬಟ್ಟೆ ಮಾರುತ್ತಾರೆ.

ಇಷ್ಟು ಬರೆಯುವಷ್ಟರಲ್ಲಿ, ಹೀಗೆಯೇ ಅಂಚಿಗೆ ಸರಿಸಲ್ಪಟ್ಟ ಕಿಪ್ ನೆನಪಾದ. ಪಿಯಾನೊ ಇನ್ನೊಂದು ವಾರ ಕಾಯಲಿ.

ಕಿಪ್ ಎಂದರೆ ‘ದಿ ಇಂಗ್ಲಿಷ್ ಪೇಷೆಂಟ್’ ಚಿತ್ರದ ಕಿರ್ಪಾಲ್ ಸಿಂಗ್, ಬಾಂಬ್ ನಿಷ್ಕ್ರಿಯಗೊಳಿಸುವ ಸಿಖ್ ಯೋಧ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಸೇನೆಗೆ ಸೇರಿದ ಭಾರತೀಯರು ಸುಮಾರು 25 ಲಕ್ಷ. ಇಟಲಿಯಲ್ಲೇ ನಮ್ಮ 4, 8 ಮತ್ತು 10ನೇ ಡಿವಿಷನ್‌ಗಳು ಕಾದಾಡಿದವು. ಹಾಲಿವುಡ್ಡಿನ ಯುದ್ಧಚಿತ್ರಗಳಲ್ಲಿ ಅವರನ್ನು ಹುಡುಕಿ ಸೋತವನಿಗೆ, 1996ರಲ್ಲಿ ಆಂಟನಿ ಮಿಂಗೆಲ್ಲಾ ಒಬ್ಬನನ್ನು ಪ್ರೇಮಿಯಾಗಿಯೇ ತೋರಿಸಿದಾಗ ಎದೆ ತುಂಬಿತ್ತು. ಕೇರಳ ಮೂಲದ ನವೀನ್ ಆಂಡ್ರ್ಯೂಸ್ ಅವನಾದರು. ತಲೆಗೂದಲು ತೊಳೆದುಕೊಳ್ಳುವ ಅವನಿಗೆ ನರ್ಸ್ ಹಾನಾ ಆಲಿವ್ ಎಣ್ಣೆ ತಂದುಕೊಡುತ್ತಾಳೆ. ಚರ್ಚಿನ ಕತ್ತಲಲ್ಲಿ ಅವನು ಅವಳನ್ನು ಹಗ್ಗಕ್ಕೆ ಕಟ್ಟಿ ಮೇಲೆಳೆದು, ಕೈಯ ಬೆಳಕಿನಲ್ಲಿ ಗೋಡೆಯ ಚಿತ್ರಗಳನ್ನು ನೋಡುವಂತೆ ಮಾಡುತ್ತಾನೆ. ಸಿನಿಮಾದಲ್ಲಿ ನಾನು ಕಂಡ ಅತ್ಯಂತ ಸುಂದರ ಒಲವಿನ ಕ್ಷಣಗಳಲ್ಲಿ ಅದೊಂದು.

ಇನ್ನೊಂದು ದೃಶ್ಯವೂ ಇದೆ. ಹಾನಾ ಆರೈಕೆ ಮಾಡುತ್ತಿರುವ, ಮೈ ಸುಟ್ಟುಹೋದ ರೋಗಿಗೆ ಕಿಪ್ ಕಿಪ್ಲಿಂಗ್‌ನ ‘ಕಿಮ್’ ಓದಿ ಹೇಳುತ್ತಾನೆ. ಲಾಹೋರಿನ ಫಿರಂಗಿಯ ಸಾಲು ಬಂದಾಗ ತಡೆದು ನಿಲ್ಲುತ್ತಾನೆ: ಅದು ಮನೆಮನೆಯ ಲೋಟ, ಬಟ್ಟಲು ಕಿತ್ತುಕೊಂಡು ಕರಗಿಸಿ ಎರಕ ಹೊಯ್ದದ್ದು, ಮುಂದೆ ಅದರ ಬಾಯಿ ತಿರುಗಿದ್ದು ತನ್ನ ಜನರ ಕಡೆಗೇ ಎನ್ನುತ್ತಾನೆ. ಅಲ್ಪವಿರಾಮ ಎಲ್ಲಿ ಹಾಕಬೇಕೆಂಬುದರ ಬಗ್ಗೆ ಮಾತಾಡುತ್ತಲೇ ಸಾಮ್ರಾಜ್ಯದ ಲೆಕ್ಕ ಒಪ್ಪಿಸುತ್ತಾನೆ.

ಆಮೇಲೆ? ಮೈಕಲ್ ಒಂಡಾಟ್ಜೆಯ 1992ರ ಕಾದಂಬರಿ ಓದಿದವರಿಗೆ ಗೊತ್ತು. ಆಗಸ್ಟ್ 1945, ಕಿವಿಗಿಟ್ಟ ರೇಡಿಯೊದಲ್ಲಿ ಹಿರೋಷಿಮಾದ ಸುದ್ದಿ. ಕಿಪ್ ಬಂದೂಕು ಹಿಡಿದು ರೋಗಿಯ ಕೋಣೆಗೆ ನುಗ್ಗುತ್ತಾನೆ. ಬಿಳಿಯರ ನಾಡಿನ ಮೇಲೆ ಇಂಥ ಬಾಂಬ್ ಬೀಳುತ್ತಿರಲಿಲ್ಲವೆಂಬುದು ಅವನ ಆರೋಪ. ಬ್ರಿಟನ್ನಿನ ನೆಲದ ಬಾಂಬುಗಳನ್ನು ಜೀವ ಪಣಕ್ಕಿಟ್ಟು ಬಿಚ್ಚಿದ ಬೆರಳುಗಳು ಅವನವು! ಚಿತ್ರದಲ್ಲಿ ಇದೊಂದೂ ಇಲ್ಲ. ಯೂರೋಪಿನಲ್ಲಿ ಯುದ್ಧ ನಿಂತ ಸಂಭ್ರಮ, ಅದರ ನಡುವೆ ಸಂಗಡಿಗ ಹಾರ್ಡಿಯ ಸಾವು, ಕಿಪ್‌ನ ಮೌನ ದುಃಖ, ಅಷ್ಟೇ.

ಪ್ರೇಮಕಥೆಗೆ ರಾಜಕೀಯ ಭಾರವಾಗುತ್ತದೆ ಎನ್ನುವ ರಸಿಕರ ಗುಂಪಿನೊಡನೆ ನನ್ನ ಜಗಳ ಹಳೆಯದು. ಆ ರೋಗಿ ಆಲ್ಮಾಶಿ ಮತ್ತು ಅವನ ಪ್ರೇಯಸಿ ಕ್ಯಾಥರೀನರ ಕಥೆಗೆ ಹಿರೋಷಿಮಾ ಹೊಂದುತ್ತಿರಲಿಲ್ಲ ಎನ್ನುತ್ತಾರೆ. ಅವರು ಮರೆಯುವ ಸಂಗತಿ ಇದು: ಕಾದಂಬರಿಯಲ್ಲಿ ಕಿಪ್ ಹಾನಾಳನ್ನು ಬಿಟ್ಟುಹೋಗುವುದೇ ಆ ಬಾಂಬಿನಿಂದ. ಚಿತ್ರದಲ್ಲಿ ಸೇನೆಯ ವರ್ಗಾವಣೆ ಅವರನ್ನು ಅಗಲಿಸುತ್ತದೆ. ರಾಜಕೀಯವನ್ನು ತೆಗೆದ ಮೇಲೆ ಪ್ರೇಮ ಉಳಿಯಲಿಲ್ಲ. ಅಗಲಿಕೆಯ ಕಾರಣವೇ ಹೋಯಿತು. ಇತ್ತ ಪರದೆಯ ಮೇಲಿನ ಕಂದು ಮುಖಗಳನ್ನಷ್ಟೇ ಎಣಿಸಿ ಸಮಾಧಾನಪಡುವವರೂ ನನಗೆ ದೂರದವರೇ. ಕಿಪ್‌ಗೆ ಪ್ರೇಮಿಸುವ ಹಕ್ಕು ಸಿಕ್ಕಿತು, ಸಿಟ್ಟಾಗುವ ಹಕ್ಕು ಸಿಗಲಿಲ್ಲ. ಒಂಬತ್ತು ಆಸ್ಕರ್ ಗೆದ್ದ ಚಿತ್ರಕ್ಕೆ ಅದರಿಂದ ಯಾವ ಕುಂದೂ ಆಗಲಿಲ್ಲ, ಕುಂದಾದದ್ದು ಕಿಪ್‌ಗೆ.

ಚಿತ್ರ ಮುಗಿಯುವುದು ಲಾರಿಯಲ್ಲಿ ಹೊರಟ ಹಾನಾಳ ಮುಖದ ಮೇಲೆ. ಕಾದಂಬರಿ ಕೊನೆಯವರೆಗೂ ಕಿಪ್‌ನ ಕೈ ಬಿಡುವುದಿಲ್ಲ. ವರ್ಷಗಳ ನಂತರ ಅವನು ಭಾರತದಲ್ಲಿ ವೈದ್ಯ, ಊಟದ ಮೇಜಿನ ಮುಂದೆ ಹೆಂಡತಿ, ಮಕ್ಕಳು. ಅತ್ತ ಕೆನಡಾದಲ್ಲಿ ಹಾನಾಳ ಭುಜ ತಾಗಿ ಕಪಾಟಿನಿಂದ ಗಾಜಿನ ಲೋಟ ಜಾರುತ್ತದೆ. ಇತ್ತ ಮಗಳ ಕೈಯಿಂದ ಜಾರಿದ ಫೋರ್ಕ್ ನೆಲ ಮುಟ್ಟುವ ಮೊದಲೇ ಕಿಪ್‌ನ ಕೈ ಅದನ್ನು ಹಿಡಿದಿರುತ್ತದೆ.