ಒಲಾಜುವಾನ್: ಗೋಲ್‌ಕೀಪರನ ಬೆರಳು

ಹಕೀಮ್ ಒಲಾಜುವಾನ್ ಹೆಸರೆತ್ತಿದರೆ ಸಾಕು, ಬಾಸ್ಕೆಟ್‌ಬಾಲ್ ಬಲ್ಲವರು ‘ಡ್ರೀಮ್ ಶೇಕ್’ ಎಂದು ಶುರುಮಾಡುತ್ತಾರೆ. ಬುಟ್ಟಿಗೆ ಬೆನ್ನು ಕೊಟ್ಟು ನಿಂತು, ಒಂದು ಕಡೆ ಭುಜ ಆಡಿಸಿ, ಇನ್ನೊಂದು ಕಡೆಗೆ ತಿರುಗಿ, ಎದುರಾಳಿ ಹಾರಿ ಇಳಿಯುವಷ್ಟರಲ್ಲಿ ಚೆಂಡು ಹಾಕುವ ವರಸೆ ಅದು. 1995ರಲ್ಲಿ, ಆ ಋತುವಿನ ಎಂವಿಪಿ ಡೇವಿಡ್ ರಾಬಿನ್ಸನ್ ಇದಕ್ಕೆ ಸಿಕ್ಕಿ ತತ್ತರಿಸಿದ ತುಣುಕನ್ನು ಜನ ಇಂದಿಗೂ ಹಾಕಿಕೊಂಡು ನೋಡುತ್ತಾರೆ. ಚಂದವೇನೋ ಹೌದು. ಆದರೆ ಹದಿನೆಂಟು ಋತು ಆಡಿದವನನ್ನು ಒಂದು ವರಸೆಗೆ ಇಳಿಸಿದ್ದು ಅವನ ಭಕ್ತರೇ ಮಾಡಿದ ಅನ್ಯಾಯ. ಕೋಬಿ ಬ್ರಯಾಂಟ್, ಲೆಬ್ರಾನ್ ಜೇಮ್ಸ್ ಅವನ ಬಳಿಗೇ ಹೋಗಿ ಆ ಹೆಜ್ಜೆಗಳನ್ನು ಕಲಿತು ಬಂದರು. ಹೇಳಿಕೊಟ್ಟರೆ ಬರುವ ವಿದ್ಯೆ ಅದು.

ಲಾಗೋಸ್‌ನ ಹುಡುಗ ಬಾಸ್ಕೆಟ್‌ಬಾಲ್‌ಗೆ ತಡವಾಗಿ ಬಂದದ್ದು, 1984ರ ಡ್ರಾಫ್ಟ್‌ನಲ್ಲಿ ಜೋರ್ಡನ್‌ಗಿಂತ ಮೊದಲು ಆಯ್ಕೆಯಾದದ್ದು ಎಲ್ಲರಿಗೂ ಗೊತ್ತು. ಫುಟ್‌ಬಾಲ್ ಆಡಿದ ಕಾಲುಗಳೇ ಡ್ರೀಮ್ ಶೇಕ್ ಆದವು ಎಂದು ವಿಮರ್ಶಕರು ಬರೆಯುತ್ತಲೇ ಇದ್ದಾರೆ. ಅವನು ಗೋಲ್‌ಕೀಪರ್ ಆಗಿದ್ದ ಎಂಬುದರ ಹತ್ತಿರ ಮಾತ್ರ ನಿಲ್ಲುವುದಿಲ್ಲ. ಗೋಲ್‌ಕೀಪರನಿಗೆ ಎದುರಾಳಿಯನ್ನು ದಾಟಿ ಆಗಬೇಕಾದ್ದೇನೂ ಇಲ್ಲ. ಒದೆಯುವವನ ಮೈ ಯಾವ ಕಡೆ ವಾಲುತ್ತಿದೆ ಎಂದು ಓದಿ, ಚೆಂಡು ಬರುವ ಮುಂಚೆ ಅಲ್ಲಿಗೆ ಕೈಚಾಚುವುದು ಅವನ ಕಸುಬು.

1994ರ ಫೈನಲ್ಸ್‌ನ ಆರನೆಯ ಪಂದ್ಯಕ್ಕೆ ಬನ್ನಿ. ಸರಣಿಯಲ್ಲಿ ಒಲಾಜುವಾನ್‌ನ ಹ್ಯೂಸ್ಟನ್ ರಾಕೆಟ್ಸ್ ಎದುರು ನ್ಯೂಯಾರ್ಕ್ ನಿಕ್ಸ್ 3–2 ಮುಂದಿದೆ. ಕೊನೆಯ ಕೆಲವೇ ಸೆಕೆಂಡುಗಳು. ರಾಕೆಟ್ಸ್ 86, ನಿಕ್ಸ್ 84. ಚೆಂಡು ಜಾನ್ ಸ್ಟಾರ್ಕ್ಸ್ ಕೈಯಲ್ಲಿ, ಕೊನೆಯ ಕ್ವಾರ್ಟರಿನಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ಮೂರು ಪಾಯಿಂಟಿನ ಒಂದು ಎಸೆತ ಬಿದ್ದರೆ ಪಟ್ಟ ನ್ಯೂಯಾರ್ಕಿನದು. ಪ್ಯಾಟ್ರಿಕ್ ಯೂಯಿಂಗ್ ಬಂದು ಸ್ಕ್ರೀನ್ ಹಾಕುತ್ತಾನೆ. ಯೂಯಿಂಗ್‌ನನ್ನು ಕಾಯಬೇಕಾದವನು ಒಲಾಜುವಾನ್. ಆ ಕಾಲದ ಸೆಂಟರ್ ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಬುಟ್ಟಿಯ ಕಡೆಗೆ ಸರಿಯುತ್ತಿದ್ದ. ಚುರುಕು ಗಾರ್ಡ್‌ಗಳ ಹಿಂದೆ ಗೆರೆಯಾಚೆ ಓಡುವುದು ಅವನಿಗೆ ಹೇಳಿದ ಕೆಲಸವಲ್ಲ. ಒಲಾಜುವಾನ್ ಯೂಯಿಂಗ್‌ನನ್ನು ಬಿಟ್ಟ. ಇದು ಸಣ್ಣ ತೀರ್ಮಾನವಲ್ಲ: ಸ್ಟಾರ್ಕ್ಸ್ ಚೆಂಡನ್ನು ಯೂಯಿಂಗ್‌ಗೆ ದಾಟಿಸಿದ್ದರೆ ಇಡೀ ತಪ್ಪು ಇವನ ತಲೆಗೆ. ಅವನು ಎಸೆದೇ ಎಸೆಯುತ್ತಾನೆಂದು ಒಲಾಜುವಾನ್ ಓದಿದ್ದ. ಸ್ಟಾರ್ಕ್ಸ್ ಎಡಕ್ಕೆ ಜರುಗಿ ಮೇಲೆದ್ದ, ಇವನು ಮೈಚಾಚಿದ. ಚೆಂಡನ್ನು ಗ್ಯಾಲರಿಗೆ ಬಡಿದಟ್ಟುವ ಆರ್ಭಟದ ಬ್ಲಾಕ್ ಅಲ್ಲ ಇದು. ತಾಗಿದ್ದು ಬೆರಳ ತುದಿ. ಮಣಿಕಟ್ಟಿಗೆ ತಾಗಿದ್ದರೆ ಫೌಲ್, ತಾಗದೇ ಹೋಗಿದ್ದರೆ ಬಹುಶಃ ಸೋಲು. ಏಳನೆಯ ಪಂದ್ಯದಲ್ಲಿ ಸ್ಟಾರ್ಕ್ಸ್ ಎಸೆದ 18ರಲ್ಲಿ 2 ಮಾತ್ರ ಬಿದ್ದವು, ರಾಕೆಟ್ಸ್ ಗೆದ್ದಿತು.

3,830 ಬ್ಲಾಕ್‌ಗಳ ದಾಖಲೆ ಇಂದಿಗೂ ಅವನದೇ. ಅದರ ಜೊತೆಗೆ 2,162 ಸ್ಟೀಲ್. ಎರಡರಲ್ಲೂ ಎರಡು ಸಾವಿರ ದಾಟಿದವನು ಎನ್‌ಬಿಎ ಚರಿತ್ರೆಯಲ್ಲಿ ಇವನೊಬ್ಬನೇ. ಎತ್ತರ ಇದ್ದವನಿಗೆ ಬ್ಲಾಕ್ ಸಿಗುತ್ತದೆ ಎನ್ನೋಣ, ಸ್ಟೀಲ್ ಎಲ್ಲಿಂದ ಬಂತು? ಕುಂದುಗಳೂ ಇವೆ: ಎಂಬತ್ತರ ದಶಕದ ಕೊನೆಗೆ ಅವನ ತಂಡ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಮನೆಗೆ ಮರಳುತ್ತಿತ್ತು, ಟೊರೊಂಟೊದಲ್ಲಿ ಆಡಿದ ಕೊನೆಯ ಋತುವನ್ನು ಮರೆತರೆ ನಷ್ಟವಿಲ್ಲ.

ಇನ್ನು, ಜೋರ್ಡನ್ ಬೇಸ್‌ಬಾಲ್ ಆಡಲು ಹೋಗಿದ್ದರಿಂದಲೇ ಹ್ಯೂಸ್ಟನ್‌ಗೆ ಎರಡು ಪಟ್ಟ ದಕ್ಕಿತು ಎನ್ನುವ ಪಂಡಿತರು. 1994ರ ಮಟ್ಟಿಗೆ ಅವರ ಮಾತನ್ನು ಕೇಳಿಸಿಕೊಳ್ಳಬಹುದು. ಆದರೆ 1995ರ ಪ್ಲೇಆಫ್ ಹೊತ್ತಿಗೆ ಜೋರ್ಡನ್ ಮರಳಿದ್ದ, ಆಡಿದ್ದ, ಒರ್ಲ್ಯಾಂಡೊ ಎದುರು ಸೋತಿದ್ದ. ಶಕೀಲ್ ಓ’ನೀಲ್ ಇದ್ದ ಅದೇ ಒರ್ಲ್ಯಾಂಡೊವನ್ನು, ತನ್ನ ಕಾನ್ಫರೆನ್ಸ್‌ನಲ್ಲಿ ಆರನೆಯ ಸ್ಥಾನದಿಂದ ಬಂದ ಹ್ಯೂಸ್ಟನ್ 4–0ರಿಂದ ಮುಗಿಸಿತು. ಇದನ್ನು ಹೇಳಿದರೆ, ಜೋರ್ಡನ್‌ಗೆ ಲಯ ಮರಳಿರಲಿಲ್ಲ ಎನ್ನುತ್ತಾರೆ. ಇರಲಿ. ಜೋರ್ಡನ್ ಗೆದ್ದ ಆರು ಫೈನಲ್ಸ್‌ಗಳಲ್ಲಿ ಒಂದರಲ್ಲೂ ಎದುರಿಗೆ ಒಲಾಜುವಾನ್ ಇರಲಿಲ್ಲ. ಆ ಆರಕ್ಕೂ ನಕ್ಷತ್ರಚಿಹ್ನೆ ಹಾಕಿ ಎಂದು ಇವರಲ್ಲಿ ಒಬ್ಬರಾದರೂ ಬರೆದದ್ದನ್ನು ನಾನು ಓದಿಲ್ಲ.