ಮಾರಿದ ಮನೆಯ ಲೆಕ್ಕ

ಪರಊರಿನಲ್ಲಿ ನೆಲೆಸಿದವರು ಬರೆಯುವ ಪ್ರಬಂಧಗಳಲ್ಲಿ ಊರಿನ ಮನೆ ಮಾರಿದ ಕಥೆ ಒಂದಾದರೂ ಇದ್ದೇ ಇರುತ್ತದೆ. ಹೈದರಾಬಾದಿನಲ್ಲಿ ಕೂತು ನಾನು ಅಂಥವನ್ನು ಬಹಳ ಓದಿದ್ದೇನೆ. ಹೆಬ್ಬಾಗಿಲು, ಜಗುಲಿ, ತುಳಸಿಕಟ್ಟೆ, ಹಲಸಿನ ಮರ, ಅಜ್ಜಿಯ ಕೈತುತ್ತು ಎಲ್ಲ ಬರುತ್ತವೆ. ಕೊನೆಗೆ ಬೀಗದ ಕೈ ಯಾರದೋ ಕೈಗೆ ಹೋಗುತ್ತದೆ, ಬರೆಯುವವರ ಕಣ್ಣು ತುಂಬುತ್ತದೆ, ಪ್ರಬಂಧ ಮುಗಿಯುತ್ತದೆ.

ಆ ‘ಯಾರೋ’ ಯಾರು? ಎಷ್ಟಕ್ಕೆ ಕೊಂಡರು? ಈಗ ಆ ತೋಟ ಏನಾಗಿದೆ? ಬಂದ ದುಡ್ಡು ಎಲ್ಲಿ ಹೋಯಿತು? ಇದ್ಯಾವುದಕ್ಕೂ ಉತ್ತರ ಇರೋದಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಸಾಲದ ಕಡತ ನೋಡಿದ ಕಣ್ಣಿಗೆ ಇದು ಅರ್ಧ ಕಡತದ ಹಾಗೆ ಕಾಣುತ್ತದೆ. ಅರ್ಜಿ ಇದೆ, ಪಹಣಿ ಇಲ್ಲ. ‘ಭಾವನೆಯ ವಿಷಯದಲ್ಲಿ ದುಡ್ಡಿನ ಮಾತು ಯಾಕೆ ಸ್ವಾಮಿ?’ ಅಂತ ನೀವು ಕೇಳಬಹುದು. ಇದೇ ವಿಷಯದ ಮೇಲೆ ಚೆನ್ನಾಗಿ ಬರೆದವರನ್ನು ಓದಿ ನೋಡಿ. ಅವರು ದುಡ್ಡಿನ ಮಾತಿಗೆ ನಾಚಿಕೊಂಡಿಲ್ಲ.

ಮೊದಲು ಚೆಕಾವ್. ಅವನ ‘ದಿ ಚೆರಿ ಆರ್ಚರ್ಡ್’ ನಾಟಕ ಮಾಸ್ಕೋದಲ್ಲಿ ರಂಗಕ್ಕೆ ಬಂದದ್ದು 1904ರ ಜನವರಿಯಲ್ಲಿ; ಅದೇ ಜುಲೈನಲ್ಲಿ ಅವನು ತೀರಿಕೊಂಡ. ಮನೆ ಕಳೆದುಕೊಳ್ಳುವುದು ಅಂದರೇನು ಅಂತ ಅವನಿಗೆ ಗೊತ್ತಿತ್ತು. 1876ರಲ್ಲಿ ಅಪ್ಪ ದಿವಾಳಿಯಾಗಿ ಟಾಗನ್‌ರೋಗ್‌ನ ಮನೆ ಕೈಬಿಟ್ಟಿತು. ಮುಂದೆ 1892ರಲ್ಲಿ ತಾನೇ ಕೊಂಡ ಮೆಲಿಖೊವೊ ಎಂಬ ಹಳ್ಳಿಯ ಆಸ್ತಿಯನ್ನು ಕ್ಷಯರೋಗದ ದೆಸೆಯಿಂದ 1899ರಲ್ಲಿ ಮಾರಿ, ಬೆಚ್ಚಗಿನ ಯಾಲ್ಟಾಕ್ಕೆ ಹೋದ. ಅಂದರೆ ಕಳೆದುಕೊಂಡ ಮನೆಯ ಹುಡುಗನೂ ಅವನೇ, ಮಾರಿದ ಯಜಮಾನನೂ ಅವನೇ.

ನಾಟಕದ ಕಥೆ ಸರಳ. ಸಾಲದ ಬಡ್ಡಿ ಕಟ್ಟಲಾಗದೆ ಒಂದು ದೊಡ್ಡ ಮನೆ ಮತ್ತು ಚೆರಿ ತೋಟ ಆಗಸ್ಟ್ 22ಕ್ಕೆ ಹರಾಜಿಗೆ ಬರುತ್ತದೆ. ಒಡತಿ ರಾನೆವ್‌ಸ್ಕಾಯಾ ಐದು ವರ್ಷ ಪರದೇಶದಲ್ಲಿದ್ದು ಬಂದವಳು. ಅಂದರೆ ನಮ್ಮ ಹಾಗೆ ಪರಊರಿನವಳು. ಆ ಮನೆಯಲ್ಲಿ ಜೀತಕ್ಕಿದ್ದವನ ಮಗ ಲೊಪಾಖಿನ್ ಈಗ ವ್ಯಾಪಾರಿ. ಅವನು ಒಳ್ಳೆಯ ಮನಸ್ಸಿನಿಂದಲೇ ದಾರಿ ಹೇಳುತ್ತಾನೆ. ತೋಟ ಕಡಿದು, ನಿವೇಶನ ಮಾಡಿ, ಪೇಟೆಯವರ ಬೇಸಿಗೆ ಮನೆಗಳಿಗೆ ಗುತ್ತಿಗೆ ಕೊಡಿ, ವರ್ಷಕ್ಕೆ ಏನಿಲ್ಲವೆಂದರೂ 25,000 ರೂಬಲ್ ಬರುತ್ತದೆ ಅನ್ನುತ್ತಾನೆ. ಒಡತಿಗೂ ಅವಳ ಅಣ್ಣ ಗಾಯೆವ್‌ಗೂ ಅದು ಅಸಭ್ಯವಾದ ಮಾತಾಗಿ ಕೇಳುತ್ತದೆ. ಹೌದು ಅನ್ನೋದಿಲ್ಲ, ಇಲ್ಲ ಅನ್ನೋದೂ ಇಲ್ಲ. ಗಾಯೆವ್ ಹಳೇ ಬೀರುವಿಗೆ ಭಾಷಣ ಮಾಡುತ್ತಾನೆ. ಕೊನೆಗೆ ಒಬ್ಬ ಅತ್ತೆ ಕಳಿಸಿದ 15,000 ರೂಬಲ್ ಹಿಡಿದು ಹರಾಜಿಗೆ ಹೋಗುತ್ತಾನೆ. ಅದು ಬಡ್ಡಿಗೂ ಸಾಲದು. ಸಾಲದ ಬಾಕಿಯ ಮೇಲೆ 90,000 ಕೂಗಿ ತೋಟ ಹಿಡಿದವನು ಅದೇ ಲೊಪಾಖಿನ್. ಆಸ್ತಿ ಹೋದ ಮೇಲೆ ಗಾಯೆವ್‌ಗೆ ವರ್ಷಕ್ಕೆ 6,000 ಸಂಬಳದ ಬ್ಯಾಂಕ್ ನೌಕರಿ ಸಿಗುತ್ತದೆ. ಅಲ್ಲಿ ನಾನು ಜೋರಾಗಿ ನಕ್ಕೆ. ಅಂಥ ಗಾಯೆವ್‌ಗಳ ಪಕ್ಕದ ಮೇಜಿನಲ್ಲಿ ನಾನೂ ಕೆಲಸ ಮಾಡಿದ್ದೇನೆ.

ಈ ನಾಟಕವನ್ನು ದುರಂತ ಅಂತ ಆಡಿಸಿದವರು ಸ್ಟಾನಿಸ್ಲಾವ್‌ಸ್ಕಿ. ಚೆಕಾವ್ ಮಾತ್ರ ಇದು ಕಾಮಿಡಿ ಅಂತಲೇ ಹಟ ಹಿಡಿದಿದ್ದ. ನನ್ನ ಮತ ಚೆಕಾವ್ ಕಡೆಗೆ. ತೋಟ ಹೋದದ್ದು ಯಾರದೋ ದುಷ್ಟತನದಿಂದಲ್ಲ, ಮನೆಯವರು ಅಂಕಿಯನ್ನು ಬಾಯಿಬಿಟ್ಟು ಹೇಳದೇ ಇದ್ದದ್ದರಿಂದ. ಇನ್ನೊಂದು ಸಣ್ಣ ವಿಷಯ ಇದೆ, ಎಷ್ಟೋ ಜನ ಗಮನಿಸೋದಿಲ್ಲ. ಮುದಿ ಆಳು ಫಿರ್ಸ್ ಹೇಳುತ್ತಾನೆ: ಹಿಂದೆ ಚೆರಿ ಹಣ್ಣು ಒಣಗಿಸಿ ಗಾಡಿಗಟ್ಟಲೆ ಮಾಸ್ಕೋಗೆ, ಖಾರ್ಕೋವ್‌ಗೆ ಕಳಿಸ್ತಿದ್ದರು, ಒಳ್ಳೆ ದುಡ್ಡು ಬರ್ತಿತ್ತು ಅಂತ. ಹಾಗೆ ಒಣಗಿಸೋ ಕ್ರಮ ಈಗ ಯಾರಿಗೆ ಗೊತ್ತು ಅಂದರೆ, ಯಾರಿಗೂ ನೆನಪಿಲ್ಲ! ಹರಾಜಿಗೆ ಮೊದಲೇ ಆ ತೋಟ ತೋಟವಾಗಿ ಸತ್ತಿತ್ತು, ಬರೀ ನೋಡುವ ಹೂವಾಗಿ ಉಳಿದಿತ್ತು. ನಮ್ಮ ಪ್ರಬಂಧಗಳ ಅಡಿಕೆ ತೋಟವೂ ಹಾಗೇ. ಅದರಲ್ಲಿ ನೆರಳಿದೆ, ತಂಪಿದೆ, ಹಕ್ಕಿ ಇದೆ. ಕೊಳೆ ರೋಗ ಇಲ್ಲ, ಮಳೆಗಾಲದಲ್ಲಿ ಮೈಲುತುತ್ತ ಸುಣ್ಣದ ಮದ್ದು ಹೊಡೆಯುವವರು ಇಲ್ಲ, ಕೊನೆ ಇಳಿಸುವವರೂ ಇಲ್ಲ.

ಲೊಪಾಖಿನ್‌ನ ಯೋಜನೆ ನೋಡಬೇಕು ಅಂದರೆ ಹೈದರಾಬಾದಿಗೆ ಬನ್ನಿ. 1908ರ ಮೂಸಿ ಪ್ರವಾಹದ ನಂತರ ಊರನ್ನು ಉಳಿಸುವ ಯೋಜನೆ ಮಾಡಿದವರು ನಮ್ಮ ವಿಶ್ವೇಶ್ವರಯ್ಯನವರು. ಅದರ ಫಲ 1920ರ ಉಸ್ಮಾನ್ ಸಾಗರ, 1927ರ ಹಿಮಾಯತ್ ಸಾಗರ. ಆ ಎರಡು ಕೆರೆಗಳನ್ನು ಕಾಯಲು 1996ರಲ್ಲಿ 111ನೇ ಸರ್ಕಾರಿ ಆದೇಶ ಬಂತು. ಸುತ್ತಲಿನ 84 ಹಳ್ಳಿಗಳಲ್ಲಿ ಕಟ್ಟಡಕ್ಕೆ ಕಟ್ಟುನಿಟ್ಟು. ಆದರೂ ಮೊಯಿನಾಬಾದ್ ಕಡೆ ಫಾರ್ಮ್‌ಹೌಸುಗಳು ಎದ್ದವು. 2022ರಲ್ಲಿ ಸರ್ಕಾರವೇ ಇನ್ನೊಂದು ಆದೇಶ ತಂದು ಆ ಕಟ್ಟುಗಳನ್ನು ಸಡಿಲಿಸಹೊರಟಿತು. ಇಲ್ಲಿಯ ನಮ್ಮವರೂ ಅಲ್ಲಿ ಜಾಗ ನೋಡುತ್ತಾರೆ. ಊರಲ್ಲಿ ಎಕರೆ ಲೆಕ್ಕದ ಫಲ ಬಿಡುವ ತೋಟ ಮಾರಿ, ಇಲ್ಲಿ ಗಜದ ಲೆಕ್ಕದಲ್ಲಿ ಎರಡು ಮಾವಿನ ಸಸಿ ಇರೋ ಪ್ಲಾಟು ತಗೊಂಡು, ‘ಮಣ್ಣಿನ ನಂಟು’ ಅಂತ ಪ್ರಬಂಧ ಬರೆಯುತ್ತಾರೆ! ಮೂಲದಲ್ಲಿ ಅದೂ ಒಬ್ಬ ರೈತನ ಹೊಲ, ಅವನೂ ಮಾರಿದವನೇ ಅನ್ನುವ ಒಂದು ಸಾಲು ಆ ಪ್ರಬಂಧಗಳಲ್ಲಿ ನನಗೆ ಸಿಕ್ಕಿಲ್ಲ.

ಎರಡನೆಯದು ಕಾರಂತರ ‘ಬೆಟ್ಟದ ಜೀವ’, 1943ರ ಕಾದಂಬರಿ. ಇಲ್ಲಿ ಮಾರಾಟವೇ ಇಲ್ಲ. ಸುಬ್ರಹ್ಮಣ್ಯದ ಕಡೆಯ ಕಾಡಿನ ನಡುವೆ ತೋಟ ಎಬ್ಬಿಸಿದ ಗೋಪಾಲಯ್ಯ, ಅವರ ಹೆಂಡತಿ, ಮನೆ ಬಿಟ್ಟು ಹೋದ ಮಗ ಶಂಭು. ದೂರದ ಕಾಟುಮೂಲೆಯಲ್ಲಿ ತೋಟ ಮಾಡಿಕೊಂಡಿರುವ ನಾರಾಯಣ ರಕ್ತಸಂಬಂಧದ ಮಗನಲ್ಲ. ಆದರೂ ಮುದುಕನ ಆಸೆ ಜೋತು ಬಿದ್ದಿರುವುದು ಅವನ ಮೇಲೆ. ಕಾರಂತರು ಶಂಭುವಿಗೆ ಮಾತೇ ಕೊಡುವುದಿಲ್ಲ. ಅವನು ಯಾಕೆ ಹೋದ, ಎಲ್ಲಿದ್ದಾನೆ ಅನ್ನೋದೆಲ್ಲ ಉಳಿದವರ ಬಾಯಿಂದ, ಉಳಿದವರ ನೋವಿನಿಂದ ಗೊತ್ತಾಗಬೇಕು. ಚೆಕಾವ್ ಬಿಟ್ಟುಹೋಗುವವರನ್ನು ತೋರಿಸಿದ. ಕಾರಂತರು ತೋರಿಸಿದ್ದು ಉಳಿದವರನ್ನು.

ಪರಊರಿನಿಂದ ನಾವು ಬರೆಯುವ ಪ್ರಬಂಧಗಳೆಲ್ಲ ಒಂದು ರೀತಿಯಲ್ಲಿ ಶಂಭು ಬರೆಯಬೇಕಾಗಿದ್ದ ಕಾಗದಗಳು. ತಡವಾಗಿ ಬರೆದವು, ಅಪ್ಪ ಅಮ್ಮ ಹೋದ ಮೇಲೆ ಬರೆದವು. ಅದರಲ್ಲಿ ತಪ್ಪೇನಿಲ್ಲ. ಆದರೆ ಶಂಭು ಕಾಗದ ಬರೆದರೆ ಅದರಲ್ಲಿ ನಾರಾಯಣನ ಸುದ್ದಿ ಇರಬೇಕಲ್ಲವೇ? ತೋಟ ಉಳಿದದ್ದು ಯಾರ ಕೈಯಿಂದ ಅಂತ ಕಾದಂಬರಿ ಮರೆಯುವುದಿಲ್ಲ, ನಮ್ಮ ಪ್ರಬಂಧ ಮರೆಯುತ್ತದೆ.

ಮೂರನೆಯದು ಸ್ಪೇನಿನ ಸಿನಿಮಾ, ಇಸಿಯಾರ್ ಬೊಯಾಯಿನ್ ನಿರ್ದೇಶನದ ‘ಎಲ್ ಒಲಿವೊ’ (2016). ಅಜ್ಜನ ಆಲಿವ್ ತೋಟದಲ್ಲಿ ಸಾವಿರಾರು ವರ್ಷದ ಒಂದು ಮರ. ಸಮುದ್ರದ ದಡದ ಹೋಟೆಲು ವ್ಯವಹಾರಕ್ಕೆ ದುಡ್ಡು ಬೇಕಾಗಿ ಮಕ್ಕಳು ಅದನ್ನು ಬೇರುಸಮೇತ ಮಾರಿಬಿಡುತ್ತಾರೆ. ಅಜ್ಜ ಮಾತು ಬಿಡುತ್ತಾನೆ. ಮೊಮ್ಮಗಳು ಮರ ವಾಪಸ್ ತರಲು ಜರ್ಮನಿಗೆ ಹೊರಡುತ್ತಾಳೆ. ಅದು ಅಲ್ಲಿ ಒಂದು ಕಂಪನಿಯ ಕಟ್ಟಡದೊಳಗೆ ಶೋಭೆಗೆ ನಿಂತಿದೆ. ಸಿನಿಮಾ ಸ್ವಲ್ಪ ಸಿಹಿ ಹೆಚ್ಚಾದ ಪಾಯಸ. ಕಂಪನಿ ಕೆಟ್ಟದ್ದು, ಅಜ್ಜ ದೇವರು ಅನ್ನುವ ಧಾಟಿ ನನಗೆ ಹಿಡಿಸಲಿಲ್ಲ. ಆದರೆ ಒಂದು ಕಡೆ ಅದು ನಮ್ಮ ಪ್ರಬಂಧಗಳಿಗಿಂತ ಪ್ರಾಮಾಣಿಕ: ಮಾರಿದ ದುಡ್ಡು ಎಲ್ಲಿ ಹೋಯಿತು ಅಂತ ಹೇಳುತ್ತದೆ, ಮಾರಿದ ಮಕ್ಕಳಿಗೂ ಅವರ ಕಷ್ಟ ಹೇಳಿಕೊಳ್ಳಲು ಬಿಡುತ್ತದೆ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ಬರೀ ಸಾಹಿತ್ಯದ ಚಪಲ ಅಲ್ಲ. ಶಿರಸಿ ಸೀಮೆಯಲ್ಲಿ ನಮ್ಮದೂ ಒಂದು ಮನೆ, ಎರಡು ಎಕರೆ ಅಡಿಕೆ ತೋಟ ಇದೆ. ಅಪ್ಪಯ್ಯ, ಆಯಿ ಇಬ್ಬರೂ ಇಲ್ಲ. ನಾವು ಒಡಹುಟ್ಟಿದವರು ಮೂವರು, ಊರಲ್ಲಿ ಯಾರೂ ಇಲ್ಲ. ಮಾರುವುದು ಅಂತ ಆಗಿದೆ, ಯಾರಿಗೆ ಅಂತ ಆಗಿಲ್ಲ. ಅಂಥ ಹೊತ್ತಲ್ಲಿ ದಾರಿ ತೋರಿಸೀತು ಅಂತ ಈ ಪ್ರಬಂಧಗಳನ್ನು ಮತ್ತೆ ತೆಗೆದು ಓದಿದೆ. ಒಂದೂ ಕೆಲಸಕ್ಕೆ ಬರಲಿಲ್ಲ.

ಕೇಳಿದವರು ಇಬ್ಬರು. ಒಬ್ಬರು ಬೆಂಗಳೂರಿನವರು, ಹೋಂಸ್ಟೇ ಮಾಡುವವರು. ಅವರು ಕೊಡುವ ಬೆಲೆ ಹೆಚ್ಚು. ಮೊದಲಾಗಿದ್ದರೆ ಅವರು ಕೇಳುವ ಹಾಗೇ ಇರಲಿಲ್ಲ. ಕೃಷಿಕರಲ್ಲದವರು, ಬೇರೆ ಆದಾಯ ಮಿತಿ ಮೀರಿದವರು ಕೃಷಿ ಜಮೀನು ಕೊಳ್ಳದಂತೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ತಡೆದಿದ್ದವು. 2020ರ ತಿದ್ದುಪಡಿಯಲ್ಲಿ ಅವು ಹೋದವು. ‘ಬೆಟ್ಟವೂ ಸೇರಿ ಅಲ್ವಾ?’ ಅಂತ ಅವರು ಕೇಳಿದರು. ಸೊಪ್ಪಿನ ಬೆಟ್ಟ ಸರ್ಕಾರದ್ದು, ತೋಟಕ್ಕೆ ಸೊಪ್ಪು ತರುವ ಹಕ್ಕು ಮಾತ್ರ ನಮ್ಮದು, ಅಲ್ಲಿ ಕಾಟೇಜು ಕಟ್ಟೋ ಹಾಗಿಲ್ಲ ಅಂತ ಹೇಳಬೇಕಾಯಿತು.

ಇನ್ನೊಬ್ಬ ನಮ್ಮ ಕೊನೆಗೌಡನ ಮಗ. ಅವನಪ್ಪ ನಮ್ಮ ಮರ ಹತ್ತಿ ಕೊನೆ ಇಳಿಸಿದವ. ಜಗುಲಿಯ ಮೇಲೆ ಅವನು ಕೂತದ್ದನ್ನು ನಾನು ನೋಡಿಲ್ಲ, ಅಂಗಳದಲ್ಲೇ ಕವಳ ಹಾಕುತ್ತಿದ್ದ. ಮಗ ಈಗ ಸ್ವಂತ ದುಡಿಮೆಯಿಂದ ಮೇಲೆ ಬಂದಿದ್ದಾನೆ. ಅವನು ಹೇಳುವ ಬೆಲೆ ಸುಮಾರು ಕಾಲುಭಾಗ ಕಡಿಮೆ; ಅದರಲ್ಲೂ ಅರ್ಧ ಸಾಲ ಮಾಡಬೇಕು. ಆದರೆ ಯಾವ ಸಾಲಿನ ಮರ ಯಾವಾಗ ನೆಟ್ಟದ್ದು, ಯಾವ ಕಾಲುವೆ ಎಲ್ಲಿ ಕಟ್ಟಿಕೊಳ್ಳುತ್ತದೆ ಅಂತ ಅವನಿಗೆ ಗೊತ್ತು.

ತಮ್ಮ ಹೆಚ್ಚು ಕೊಟ್ಟವರಿಗೆ ಅನ್ನುತ್ತಾನೆ. ಅವನಿಗೆ ಮಗಳ ಓದಿನ ಸಾಲ ಇದೆ. ಅವನ ಮಾತು ಹಗುರ ಅಲ್ಲ. ತಂಗಿಯ ಸಹಿ ಇಲ್ಲದೆ ಕಾಗದ ಆಗೋದಿಲ್ಲ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ನಮ್ಮ ಪ್ರಬಂಧಗಳಲ್ಲಿ ಅಕ್ಕತಂಗಿಯರು ಅಳುವುದಕ್ಕೆ ಬರುತ್ತಾರೆ, ಸಹಿ ಮಾಡುವುದಕ್ಕೆ ಬರುವುದಿಲ್ಲ. ನನ್ನ ತಂಗಿ ಅಳಲಿಲ್ಲ. ‘ಅಣ್ಣಾ, ಅವನಿಗೆ ಕೊಟ್ಟರೆ ನನ್ನ ಪಾಲಿಗೆ ಎಷ್ಟು ಕಡಿಮೆ ಆಗ್ತದೆ, ಸರಿಯಾಗಿ ಲೆಕ್ಕ ಹಾಕಿ ಹೇಳು. ಅಷ್ಟು ಬಿಡೋಕೆ ನಾನು ತಯಾರಿದ್ದೇನಾ ಅಂತ ನೋಡ್ತೇನೆ’ ಅಂದಳು.

ಈ ವಿಷಯದ ಮೇಲೆ ನಾನು ಕೇಳಿದ ಅತ್ಯಂತ ಪ್ರಾಮಾಣಿಕವಾದ ಮಾತು ಇದು. ತೋಟ ತೋಟವಾಗಿ ಉಳಿಯಲಿ ಅಂತ ಎಲ್ಲರಿಗೂ ಆಸೆ. ಆ ಆಸೆಗೆ ಒಂದು ಬೆಲೆ ಇದೆ, ಮತ್ತು ಅದನ್ನು ಯಾರೋ ಒಬ್ಬರು ತಮ್ಮ ಪಾಲಿನಿಂದ ಕೊಡಬೇಕು. ಆ ಅಂಕಿಯನ್ನು ಬರೆಯದೆ ದುಃಖವನ್ನು ಮಾತ್ರ ಬರೆದರೆ, ಬೀರುವಿಗೆ ಭಾಷಣ ಮಾಡಿದ ಗಾಯೆವ್‌ಗೂ ನಮಗೂ ಏನು ವ್ಯತ್ಯಾಸ?

ನನ್ನ ಪಾಲಿನ ಕಡಿತಕ್ಕೆ ನಾನು ಒಪ್ಪಿದ್ದೇನೆ. ತಂಗಿಗೆ ಲೆಕ್ಕ ಬರೆದು ಕಳಿಸಿದ್ದೇನೆ. ತಮ್ಮನ ಪಾಲಿಗೆ ಕಡಿಮೆ ಬೀಳುವುದನ್ನು ನಾವಿಬ್ಬರೂ ಸೇರಿ ತುಂಬಿಕೊಡಲು ಆಗುತ್ತದೆಯೇ ಅನ್ನುವುದು ಈಗಿನ ಪ್ರಶ್ನೆ. ಇಂಥ ಪುಸ್ತಕಕ್ಕೆ ಮುಂದೆ ಬರೆಯುವವರಲ್ಲಿ ನನ್ನದೊಂದು ವಿನಂತಿ: ಹಲಸಿನ ಮರ ಇರಲಿ, ತುಳಸಿಕಟ್ಟೆಯೂ ಇರಲಿ. ಜೊತೆಗೆ ಮನೆ ಕೊಂಡವರ ಬಗ್ಗೆ ಒಂದು ಪುಟ ಬರೆಯಿರಿ. ಈ ವರ್ಷ ಅಲ್ಲಿ ಮದ್ದು ಹೊಡೆದವರು ಯಾರು ಅಂತ ವಿಚಾರಿಸಿ ಬರೆಯಿರಿ.